ಎಷ್ಟು ಕೀಲಿಗಳ ಪಿಯಾನೋ ಬೇಕು?

ಬಿಟ್ಟುಹೋದ ವಿದ್ಯೆಯೊಂದು ಬಹುಕಾಲದ ಮೇಲೆ ಮನೆಯ ಬಾಗಿಲಿಗೆ ಬಂದು ನಿಂತರೆ, ಅದನ್ನು ಒಳಕ್ಕೆ ಕರೆದು ಕುಳ್ಳಿರಿಸಲು ಸ್ಥಳವಿದೆಯೆ ಎಂಬ ಪ್ರಶ್ನೆಯು ಮೊದಲು ಹುಟ್ಟುತ್ತದೆ. ಸ್ಥಳವೆಂದರೆ ಇಲ್ಲಿ ಮನಸ್ಸಿನೊಳಗಿನ ಸ್ಥಳವೂ ಹೌದು, ಅಡಿ ಅಂಗುಲಗಳಲ್ಲಿ ಅಳೆಯತಕ್ಕ ಸ್ಥಳವೂ ಹೌದು. ವೀಣೆಯನ್ನು ಮೂಲೆಯಲ್ಲಿ ಜೋಪಾನವಾಗಿ ಇರಿಸಬಹುದು. ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಮಂಚದ ಕೆಳಕ್ಕೆ ಸರಿಸಬಹುದು. ಹಾರ್ಮೋನಿಯಂ ಬೀರುವಿನ ಮೇಲೆ ಕುಳಿತೀತು. ಪಿಯಾನೋ ಮಾತ್ರ ಮನೆಯವರೆಲ್ಲರೂ ಸ್ವಲ್ಪ ಸ್ವಲ್ಪ ಸರಿದು ಜಾಗ ಮಾಡಿಕೊಡಬೇಕಾದ ವಾದ್ಯ. ಈಗ ಬಂದಿರುವ ಡಿಜಿಟಲ್ ಪಿಯಾನೋ ಈ ಕಷ್ಟವನ್ನು ಬಹುಮಟ್ಟಿಗೆ ಕಡಮೆ ಮಾಡಿದೆ. ಆದರೆ ಅದು ದೊಡ್ಡದು, ನಡುತರದ್ದು, ಚಿಕ್ಕದು ಎಂದು ಹಲವು ಅಳತೆಗಳಲ್ಲಿ ದೊರೆಯುವುದರಿಂದ ಹೊಸದೊಂದು ತೊಡಕನ್ನೂ ತಂದಿದೆ. ಯಾವ ಅಳತೆಯನ್ನು ಆರಿಸಬೇಕು?

ಮೈಸೂರು, ಬೆಂಗಳೂರು, ಮಂಗಳೂರುಗಳ ಕಾನ್ವೆಂಟ್ ಶಾಲೆಗಳಲ್ಲಿ ಎಳೆತನದಲ್ಲಿ ಪಿಯಾನೋ ಕಲಿತು, ಮದುವೆ ಮಕ್ಕಳು ಉದ್ಯೋಗಗಳ ನಡುವೆ ಅದನ್ನು ಬಿಟ್ಟವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಯಾರಿಗಾದರೂ ಮತ್ತೆ ಬಾರಿಸುವ ಆಸೆ ಹುಟ್ಟಿದ್ದರೆ, ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯು ಅವರಿಗೆ ಉಪಯೋಗವಾಗಬಹುದೆಂದು ತಿಳಿದು ಇದನ್ನು ಬರೆಯುತ್ತಿದ್ದೇನೆ.

ಅಕ್ಕನ ಉಡುಗೊರೆ

ನನ್ನ ಅಕ್ಕನು ಮೈಸೂರಿನ ಕಾನ್ವೆಂಟಿನಲ್ಲಿ ಓದುತ್ತಿದ್ದಾಗ ಹತ್ತು ವರ್ಷ ಪಿಯಾನೋ ಕಲಿತಳು. ಮನೆಯಲ್ಲಿ ವಾದ್ಯವಿರಲಿಲ್ಲ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಲ್ಲಿಯೇ ನಿಂತು ಅಭ್ಯಾಸ ಮಾಡುವಳು. ಅವಳನ್ನು ಕರೆತರಲು ಹೋದ ನಾನು ಹೊರಗಿನ ಮೆಟ್ಟಿಲ ಮೇಲೆ ಕುಳಿತು ಕಡಲೇಕಾಯಿ ತಿನ್ನುತ್ತ ಕೇಳುತ್ತಿದ್ದೆನು. 1990ರಲ್ಲಿ ಅವಳಿಗೆ ಮದುವೆಯಾಯಿತು. ಬೆಂಗಳೂರಿನ ಎರಡು ಕೋಣೆಗಳ ಮನೆ, ಅತ್ತೆ, ಮಾವ, ಇಬ್ಬರು ನಾದಿನಿಯರು, ಅನಂತರ ಮಗ. ಅಲ್ಲಿ ಪಿಯಾನೋ ಎಂಬ ಮಾತಿಗೇ ಎಡೆಯಿರಲಿಲ್ಲ. ಅವಳು ಅದಕ್ಕಾಗಿ ಒಂದು ದಿನವೂ ಗೊಣಗಿದ್ದನ್ನು ನಾನು ಕೇಳಿಲ್ಲ. ಆದರೆ ಊಟವಾದ ಮೇಲೆ ಮಾತನಾಡುತ್ತ ಕುಳಿತಾಗ ಅವಳ ಬೆರಳುಗಳು ಮೇಜಿನ ಅಂಚಿನ ಮೇಲೆ ತಾವಾಗಿಯೇ ಆಡುತ್ತಿದ್ದುದನ್ನು ನಾವೆಲ್ಲರೂ ಕಂಡಿದ್ದೆವು.

ಹೊರದೇಶದಲ್ಲಿ ಕೆಲಸದಲ್ಲಿರುವ ಅವಳ ಮಗನೂ ಇದನ್ನು ಕಂಡಿದ್ದನೆಂದು ತೋರುತ್ತದೆ. 2022ರಲ್ಲಿ ಅವಳ ಹುಟ್ಟುಹಬ್ಬಕ್ಕೆ ಅವನು ಒಂದು ಕೀಬೋರ್ಡನ್ನು ಅಂಗಡಿಯಿಂದ ನೇರವಾಗಿ ಮನೆಗೆ ಕಳುಹಿಸಿದನು. ಅದಕ್ಕೆ 61 ಕೀಲಿಗಳು. ಹಗುರವಾಗಿ, ಅಂದವಾಗಿ ಇತ್ತು. ನೂರಾರು ಬಗೆಯ ದನಿಗಳೂ ತಾಳಗಳೂ ಅದರಲ್ಲಿದ್ದುವು. ಅಕ್ಕನು ಆ ದಿನ ಫೋನಿನಲ್ಲಿ ಮಗನೊಡನೆ ಮಾತನಾಡುತ್ತ ಅತ್ತಳಂತೆ.

ಎರಡು ತಿಂಗಳ ತರುವಾಯ ನಾನು ಅವರ ಮನೆಗೆ ಹೋದಾಗ ಕೀಬೋರ್ಡಿನ ಮೇಲೆ ಹಳೆಯ ಸೀರೆಯೊಂದನ್ನು ಹೊದಿಸಿತ್ತು. ಅದರ ಮೇಲೆ ಮಡಿಚಿದ ಬಟ್ಟೆಗಳ ರಾಶಿ.

“ಬಾರಿಸುವುದಿಲ್ಲವೆ, ಅಕ್ಕ?” ಎಂದೆ.

“ನನ್ನ ಕೈ ಸತ್ತುಹೋಗಿದೆ ಕಣೋ,” ಎಂದಳು. “ಮೂವತ್ತೆರಡು ವರ್ಷ ಆಯಿತಲ್ಲ. ಮೊದಲನೆಯ ಸಾಲೂ ಬರಲಿಲ್ಲ. ಅವನಿಗೆ ಮಾತ್ರ ಹೇಳಬೇಡ. ದಿನಾ ಬಾರಿಸುತ್ತೇನೆ ಎಂದು ಹೇಳಿದ್ದೇನೆ.”

ಬಟ್ಟೆಯ ರಾಶಿಯನ್ನು ನಾನೇ ತೆಗೆದು ಕುರ್ಚಿಯ ಮೇಲಿಟ್ಟು, ಒಂದು ಸಲ ತೋರಿಸೆಂದು ಬಲವಂತಪಡಿಸಿದೆನು. ಅವಳು ಕುಳಿತು, ಶಾಲೆಯಲ್ಲಿ ಕೊನೆಯದಾಗಿ ಕಲಿತ ಬೆಟ್‌ಹೋವೆನನ ‘ಮೂನ್‌ಲೈಟ್ ಸೊನಾಟ’ವನ್ನು ತೊಡಗಿದಳು. ಎಡಗೈ ಮೊದಲ ಸ್ವರವನ್ನು ಹಿಡಿಯಿತು. ಎರಡನೆಯ ಅಳತೆಗೆ ಬಂದೊಡನೆ ಅವಳ ಎಡಗೈಯ ಕಿರುಬೆರಳು ಕೀಲಿಗಳ ಸಾಲನ್ನು ದಾಟಿ ಪಕ್ಕದ ಪ್ಲಾಸ್ಟಿಕ್ಕಿನ ಮೇಲೆ ಬಿತ್ತು. “ನೋಡಿದೆಯಾ? ಎಲ್ಲಿಂದ ಆರಂಭಿಸಬೇಕೆಂಬುದೇ ಮರೆತುಹೋಗಿದೆ,” ಎಂದು ಎಡಗೈಯನ್ನು ಒಂದು ಸ್ಥಾಯಿ ಮೇಲಕ್ಕೆ ಸರಿಸಿದಳು. ಆಗ ಎರಡು ಕೈಗಳೂ ಒಂದರ ಮೇಲೊಂದು ಬಿದ್ದುವು. ಅವಳು ಎದ್ದುಬಿಟ್ಟಳು.

ಮರೆತದ್ದು ಅವಳ ಕೈಯಲ್ಲವೆಂಬುದು ನನಗೆ ಆಗಲೇ ಹೊಳೆಯಲಿಲ್ಲ. ಮನೆಗೆ ಬಂದು ಸ್ವರಲಿಪಿಯ ಪುಸ್ತಕವನ್ನು ತೆಗೆದು ಒಂದೊಂದಾಗಿ ಎಣಿಸಿದ ಮೇಲೆ ತಿಳಿಯಿತು.

ಎಣಿಕೆಯ ಲೆಕ್ಕ

ಪೂರ್ಣ ಪಿಯಾನೋವಿಗೆ 88 ಕೀಲಿಗಳು. 52 ಬಿಳಿ, 36 ಕಪ್ಪು. ಸ್ಥಾಯಿಗಳ ಲೆಕ್ಕದಲ್ಲಿ ಏಳಕ್ಕೂ ಸ್ವಲ್ಪ ಮೇಲೆ. ನಮ್ಮ ಹಾರ್ಮೋನಿಯಂ ಸಾಮಾನ್ಯವಾಗಿ ಮೂರು ಮೂರೂವರೆ ಸ್ಥಾಯಿಗಳದು. ಮನುಷ್ಯನ ಕಂಠಕ್ಕೆ ಅಷ್ಟು ಧಾರಾಳವಾಗಿ ಸಾಕು. 61 ಕೀಲಿಗಳ ಕೀಬೋರ್ಡಿನಲ್ಲಿ ಐದು ಸ್ಥಾಯಿಗಳಿವೆ. ಐದು ಸ್ಥಾಯಿಗಳೆಂದರೆ ಕಡಮೆಯೇನಲ್ಲವೆಂದು ಯಾರಿಗಾದರೂ ತೋರುವುದು ಸಹಜ. ಮೊಟ್ಸಾರ್ಟನ ಕಾಲದ ಪಿಯಾನೋಗಳೂ ಸುಮಾರು ಐದು ಸ್ಥಾಯಿಗಳವೇ. ಆದ್ದರಿಂದ ಅವನ ಕೃತಿಗಳೆಲ್ಲ 61 ಕೀಲಿಗಳಲ್ಲಿ ಹಿಡಿಸುತ್ತವೆಂದು ಅಂಗಡಿಯವರೂ ಹೇಳುವುದುಂಟು.

ಇಲ್ಲಿ ಒಂದು ಸೂಕ್ಷ್ಮವಿದೆ. ಮೊಟ್ಸಾರ್ಟನ ಐದು ಸ್ಥಾಯಿಗಳು ಕೆಳಗಿನ ‘ಎಫ್’ ಸ್ವರದಿಂದ ತೊಡಗಿ ಮೇಲಿನ ‘ಎಫ್’ವರೆಗೆ ಹೋಗುತ್ತಿದ್ದುವು. ಈಗಿನ 61 ಕೀಲಿಗಳ ವಾದ್ಯವು ಸಾಮಾನ್ಯವಾಗಿ ಅದಕ್ಕಿಂತ ಮೇಲಿರುವ ‘ಸಿ’ ಸ್ವರದಿಂದ ತೊಡಗುತ್ತದೆ. ಎಣಿಕೆ ಒಂದೇ, ಆದರೆ ಕಿಟಕಿಯನ್ನು ಬಲಕ್ಕೆ ಸರಿಸಿದಂತಾಯಿತು. ಎಡಗಡೆಯಲ್ಲಿ ‘ಎಫ್’ನಿಂದ ‘ಬಿ’ವರೆಗೆ ಏಳು ಸ್ವರಗಳು ಗೋಡೆಯ ಹಿಂದಕ್ಕೆ ಹೋದುವು. ಬಲಗಡೆಯಲ್ಲಿ ಸೇರಿದ ಸ್ವರಗಳು ಆ ಕಾಲದ ಕೃತಿಗಳಿಗೆ ಬೇಕಿಲ್ಲ.

‘ಮೂನ್‌ಲೈಟ್ ಸೊನಾಟ’ವು 1801ರಲ್ಲಿ ರಚಿತವಾದುದು. ಅದರ ಮೊದಲ ಭಾಗದಲ್ಲಿ ಎಡಗೈ ‘ಸಿ ಶಾರ್ಪ್’ ಸ್ವರದ ಜೋಡಿಯನ್ನು ಹಿಡಿದು ನಿಲ್ಲುತ್ತದೆ. ಆ ಜೋಡಿಯ ಕೆಳಗಿನ ಸ್ವರವು 61 ಕೀಲಿಗಳ ವಾದ್ಯದಲ್ಲಿ ಎಡತುದಿಯಿಂದ ಎರಡನೆಯ ಕೀಲಿ. ಎರಡನೆಯ ಅಳತೆಯಲ್ಲಿ ಕೈ ‘ಬಿ’ಗೆ ಇಳಿಯಬೇಕು, ಅಲ್ಲಿಗೆ ಕೀಲಿಗಳು ಮುಗಿದವು. ಮೂರನೆಯ ಅಳತೆಯಲ್ಲಿ ‘ಎ’, ಅದರ ಕೆಳಗೆ ‘ಎಫ್ ಶಾರ್ಪ್’. ಅವೂ ಇಲ್ಲ. ಅಕ್ಕನ ಕಿರುಬೆರಳು ಬಿದ್ದುದು ಸರಿಯಾದ ಸ್ಥಳದಲ್ಲಿಯೇ. ಮೂವತ್ತೆರಡು ವರ್ಷಗಳ ಮೇಲೂ ಆ ಬೆರಳಿಗೆ ತನ್ನ ದಾರಿ ಗೊತ್ತಿತ್ತು. ಅಲ್ಲಿ ಇರಬೇಕಾದ ಕೀಲಿ ಇರಲಿಲ್ಲ.

ಇಂತಹ ವಾದ್ಯಗಳಲ್ಲಿ ಎಲ್ಲ ಸ್ವರಗಳನ್ನೂ ಒಂದು ಸ್ಥಾಯಿ ಕೆಳಕ್ಕೆ ಇಳಿಸುವ ಗುಂಡಿಯೊಂದು ಇರುವುದುಂಟು. ಅದನ್ನು ಒತ್ತಿದರೆ ಎಡಗಡೆಯ ಕೊರತೆ ತುಂಬುತ್ತದೆ, ನಿಜ. ಆದರೆ ಎಡಕ್ಕೆ ಬಂದಷ್ಟು ಬಲದಲ್ಲಿ ಹೋಗುತ್ತದೆ. ಅಲ್ಲದೆ ನಡುವಿನ ‘ಸಿ’ಯು ತನ್ನ ಸ್ಥಳವನ್ನು ಬಿಟ್ಟು ಆರೂವರೆ ಅಂಗುಲದಷ್ಟು ಬಲಕ್ಕೆ ಸರಿಯುತ್ತದೆ. ಹೊಸದಾಗಿ ಕಲಿಯುವ ಹುಡುಗನು ಇದಕ್ಕೆ ಹೊಂದಿಕೊಂಡಾನು. ಹಳೆಯ ಕೈಗೆ ಹಾಗಲ್ಲ. ಮರಳಿ ಬರುವವರ ಬಂಡವಾಳವೆಲ್ಲ ಕೈಯ ನೆನಪು. ಆ ನೆನಪು ಸ್ವರದ ಹೆಸರಿನಲ್ಲಿಲ್ಲ, ದೂರದ ಅಂದಾಜಿನಲ್ಲಿದೆ. ಆ ಅಂದಾಜನ್ನೇ ಸುಳ್ಳುಮಾಡುವ ವಾದ್ಯದ ಮುಂದೆ ಕುಳಿತರೆ ಇರುವ ಬಂಡವಾಳವೂ ಕರಗುತ್ತದೆ.

ವಾದ್ಯವು ಬೆಳೆದ ಬಗೆ

ಪಿಯಾನೋವಿಗೆ 88 ಕೀಲಿಗಳೇ ಏತಕ್ಕೆ ಎಂದು ಕೇಳಬಹುದು. ಈ ವಾದ್ಯವನ್ನು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಎಂಬಾತನು 1700ರ ಸುಮಾರಿನಲ್ಲಿ ನಿರ್ಮಿಸಿದನು. ಅವನು 1720ರಲ್ಲಿ ಮಾಡಿದ ಒಂದು ಪಿಯಾನೋ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಅದರ ಹರವು ಸುಮಾರು ನಾಲ್ಕೂವರೆ ಸ್ಥಾಯಿ. ಮೊಟ್ಸಾರ್ಟನ ಕಾಲಕ್ಕೆ ಅದು ಐದಾಯಿತು. ಬೆಟ್‌ಹೋವೆನನಿಗೆ 1803ರಲ್ಲಿ ಪ್ಯಾರಿಸ್ಸಿನ ಎರಾರ್ ಕಾರ್ಖಾನೆಯಿಂದ ಬಂದ ಪಿಯಾನೋವಿಗೆ ಐದೂವರೆ ಸ್ಥಾಯಿಗಳಿದ್ದುವು. 1817ರಲ್ಲಿ ಲಂಡನ್ನಿನ ಬ್ರಾಡ್‌ವುಡ್ ಕಾರ್ಖಾನೆಯವರು ಕಳುಹಿಸಿದುದಕ್ಕೆ ಆರು. ವಾದ್ಯವು ಬೆಳೆದಂತೆ ಅವನ ಸಂಗೀತವೂ ಎರಡು ದಿಕ್ಕಿಗೂ ಹರಡಿತು. ಶೋಪಾನ, ಲಿಸ್ಟ್ ಇವರ ಕಾಲದಲ್ಲಿ ಅದು ಇನ್ನೂ ಅಗಲವಾಗಿ, 1880ರ ದಶಕದ ವೇಳೆಗೆ 88 ಕೀಲಿಗಳ ಅಳತೆಯು ನೆಲೆನಿಂತಿತು. ಮನುಷ್ಯನ ಕಿವಿಗೆ ಅದಕ್ಕಿಂತ ಕೆಳಗಿನ ಸ್ವರಗಳು ಗುಡುಗಿನಂತೆಯೂ ಮೇಲಿನವು ಬರಿಯ ಟಕಟಕ ಸದ್ದಿನಂತೆಯೂ ಕೇಳುವುದರಿಂದ ಇನ್ನೂ ಹಿಗ್ಗಿಸಬೇಕಾದ ಅವಶ್ಯಕತೆ ಬಹಳವಾಗಿ ಕಾಣಲಿಲ್ಲ.

ಆದುದರಿಂದ ಎಷ್ಟು ಕೀಲಿಗಳು ಬೇಕೆಂಬುದು ನಾವು ಯಾರ ಸಂಗೀತವನ್ನು ಬಾರಿಸುತ್ತೇವೆಂಬುದನ್ನು ಅವಲಂಬಿಸಿದೆ. ಬಾಖನ ಎರಡು ದನಿಗಳ ಇನ್ವೆನ್ಶನ್ನುಗಳು ನಾಲ್ಕು ಸ್ಥಾಯಿಗಳೊಳಗೆ ಮುಗಿಯುತ್ತವೆ. ಅವಕ್ಕೆ 61 ಕೀಲಿಗಳು ಸಾಕು. ಮೊಟ್ಸಾರ್ಟ್, ಹೈಡನ್, ಮೊದಮೊದಲಿನ ಬೆಟ್‌ಹೋವೆನ್ ಇವರಿಗೆ ಕೆಳಗಿನ ‘ಇ’ ಸ್ವರದಿಂದ ತೊಡಗುವ 73 ಅಥವಾ 76 ಕೀಲಿಗಳು ಸಾಕಾದುವು. ಶೋಪಾನನೂ ಅವನ ತರುವಾಯದವರೂ ಬೇಕೆಂದರೆ 88 ಬೇಕು. ಚಲನಚಿತ್ರಗೀತೆ, ಭಾವಗೀತೆ, ಭಜನೆಗಳಿಗೆ ಹಿಮ್ಮೇಳ ನುಡಿಸುವವರಿಗೆ 61 ಧಾರಾಳವಾಯಿತು. ಅವರಿಗೆ ಎತ್ತಿಕೊಂಡು ಹೋಗುವ ಸೌಕರ್ಯವೇ ಮುಖ್ಯ.

ಚಿಕ್ಕ ವಾದ್ಯವನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹೆರಾಲ್ಡ್ ರೋಡ್ಸ್ ಎಂಬ ಪಿಯಾನೋ ಉಪಾಧ್ಯಾಯರು, ಗಾಯಗೊಂಡ ಸೈನಿಕರು ಹಾಸಿಗೆಯಲ್ಲಿದ್ದುಕೊಂಡೇ ಕಲಿಯಲೆಂದು 29 ಕೀಲಿಗಳ ಪುಟ್ಟ ಪಿಯಾನೋವೊಂದನ್ನು ಮಾಡಿದರು. ಯುದ್ಧವಿಮಾನಗಳ ಅಲ್ಯೂಮಿನಿಯಂ ಕೊಳವೆಗಳ ತುಂಡುಗಳೇ ಅದರಲ್ಲಿ ತಂತಿಗಳ ಕೆಲಸ ಮಾಡುತ್ತಿದ್ದುವು. ತೊಡೆಯ ಮೇಲಿಟ್ಟುಕೊಂಡು ಬಾರಿಸಬಹುದಾಗಿತ್ತು. ಏಳಲಾರದ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಪಿಯಾನೋ ಬೇರೆ ಯಾವುದಿದೆ? ಯಾರಿಗೆ, ಯಾವುದಕ್ಕಾಗಿ ಎಂಬುದನ್ನು ತಿಳಿದೇ ಅಳತೆಯನ್ನು ನಿರ್ಣಯಿಸಬೇಕು.

ಕೀಲಿಯ ತೂಕ

ಅಳತೆಯಷ್ಟೇ ಮುಖ್ಯವಾದುದು ಕೀಲಿಯ ತೂಕ. ನಿಜವಾದ ಪಿಯಾನೋವಿನಲ್ಲಿ ಕೀಲಿಯನ್ನು ಒತ್ತಿದರೆ ಒಳಗೆ ಉಣ್ಣೆಯ ದಪ್ಪ ಬಟ್ಟೆ ಸುತ್ತಿದ ಸುತ್ತಿಗೆಯೊಂದು ಎದ್ದು ತಂತಿಯನ್ನು ಹೊಡೆಯುತ್ತದೆ. ಒಂದು ಕೀಲಿಯನ್ನು ಮೆಲ್ಲಗೆ ಕೆಳಕ್ಕೆ ಇಳಿಸಲು ಸುಮಾರು 50 ಗ್ರಾಂ ಭಾರ ಬೇಕು; ಅದು ಇಳಿಯುವುದು ಸುಮಾರು 10 ಮಿಲಿಮೀಟರು. ಈ ಭಾರವನ್ನು ಎದುರಿಸಿಯೇ ಬೆರಳು ಮೆಲುದನಿ ಗಟ್ಟಿದನಿಗಳ ಭೇದವನ್ನು ಕಲಿಯುತ್ತದೆ. ಡಿಜಿಟಲ್ ಪಿಯಾನೋವಿನಲ್ಲಿ ತಂತಿಯಿಲ್ಲದಿದ್ದರೂ ಒಳ್ಳೆಯವುಗಳಲ್ಲಿ ಸಣ್ಣ ಸುತ್ತಿಗೆಗಳನ್ನು ಅಳವಡಿಸಿ ಆ ಭಾರವನ್ನು ತಂದಿರುತ್ತಾರೆ. ಎಡಗಡೆಯ ಕೀಲಿಗಳು ಹೆಚ್ಚು ಭಾರ, ಬಲಗಡೆಯವು ಹಗುರ ಎಂಬ ತಾರತಮ್ಯವನ್ನೂ ಕೆಲವದರಲ್ಲಿ ಇಡುತ್ತಾರೆ.

ಅಕ್ಕನ 61 ಕೀಲಿಗಳ ವಾದ್ಯದಲ್ಲಿ ಸುತ್ತಿಗೆಗಳಿರಲಿಲ್ಲ. ಕೀಲಿಗಳು ಕೆಳಗೆ ಸ್ಪ್ರಿಂಗುಗಳ ಮೇಲೆ ನಿಂತಿದ್ದುವು. ಸೊನಾಟದ ಆ ಮೊದಲ ಭಾಗವನ್ನು ಉಸಿರು ಬಿಟ್ಟಷ್ಟು ಮೆಲ್ಲಗೆ ಬಾರಿಸಬೇಕು. ಅವಳು ಮೆಲ್ಲಗೆ ಒತ್ತಿದರೆ ಒಂದು ಸ್ವರ ಕೇಳದು, ಮುಂದಿನದು ಕೂಗಿಕೊಳ್ಳುವುದು. ಇದನ್ನೂ ಅವಳು ತನ್ನ ಬೆರಳಿನ ದೋಷವೆಂದೇ ಎಣಿಸಿದ್ದಳು.

73, 76 ಕೀಲಿಗಳ ನಡುತರದ ವಾದ್ಯಗಳ ವಿಷಯದಲ್ಲಿಯೂ ಈ ತೂಕದ ಪ್ರಶ್ನೆಯನ್ನು ಮರೆಯಬಾರದು. ಆ ಅಳತೆಯಲ್ಲಿ ಸುತ್ತಿಗೆಯ ಕೀಲಿಗಳಿರುವ ವಾದ್ಯಗಳು ಕೆಲವೇ. ಅವೂ ಬಹುಮಟ್ಟಿಗೆ ರಂಗದ ಮೇಲೆ ನುಡಿಸುವ ವೃತ್ತಿಗಾರರಿಗಾಗಿ ಮಾಡಿದವು. ಹಾಗಾಗಿ ಚಿಕ್ಕದೆಂದ ಮಾತ್ರಕ್ಕೆ ಅವು 88ಕ್ಕಿಂತ ಅಗ್ಗವಾಗಿರುವುದಿಲ್ಲ. ಹಣದ ಉಳಿತಾಯಕ್ಕಾಗಿ ನಡುತರದ್ದನ್ನು ಹುಡುಕುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಬಿಳಿ ಕೀಲಿಗಳ ಅಗಲವನ್ನೂ ನೋಡಿಕೊಳ್ಳತಕ್ಕದ್ದು. ಪಿಯಾನೋವಿನ ಬಿಳಿ ಕೀಲಿ ಸುಮಾರು 23.5 ಮಿಲಿಮೀಟರು ಅಗಲ; ಒಂದು ಸ್ಥಾಯಿಗೆ ಸುಮಾರು 165 ಮಿಲಿಮೀಟರು. ಕೀಲಿಗಳನ್ನೇ ಕಿರಿದಾಗಿಸಿ ಜಾಗ ಉಳಿಸಿದ ವಾದ್ಯಗಳೂ ಉಂಟು. ಅವು ಮಕ್ಕಳ ಕೈಗೆ ಹಿತವಾದರೂ ಹಳೆಯ ಕೈಯನ್ನು ದಾರಿತಪ್ಪಿಸುತ್ತವೆ.

ಎರಡು ಅಂಗುಲದ ಕೊರತೆ

ಮುಂದಿನ ಭಾನುವಾರ ನಾನು ಅಳತೆಯ ಟೇಪು ಹಿಡಿದು ಅಕ್ಕನ ಮನೆಗೆ ಹೋದೆನು. ಪುಸ್ತಕವನ್ನು ತೆರೆದು ಕೀಲಿಗಳನ್ನು ಎಣಿಸಿ ತೋರಿಸಿದಾಗ ಅವಳು ಬಹಳ ಹೊತ್ತು ಮಾತನಾಡಲಿಲ್ಲ. “ಹಾಗಾದರೆ ಅದು ನಾನಲ್ಲವೆ?” ಎಂದಷ್ಟೇ ಕೇಳಿದಳು.

ಭಾವನವರು ಲೆಕ್ಕದ ಮನುಷ್ಯರು. ಕೂಡಲೆ ಕಾಗದ ಪೆನ್ಸಿಲು ತಂದರು. 61 ಕೀಲಿಗಳ ಸಾಲು 2 ಅಡಿ 9 ಅಂಗುಲ. 76ರದು ಸುಮಾರು ಮೂರೂವರೆ ಅಡಿ. 88ರದು 4 ಅಡಿ. ಎರಡು ಪಕ್ಕದ ಕಟ್ಟು ಸೇರಿ 88 ಕೀಲಿಗಳ ಚಪ್ಪಟೆ ವಾದ್ಯಗಳು 4 ಅಡಿ 4 ಅಂಗುಲದ ಆಸುಪಾಸಿನಲ್ಲಿರುತ್ತವೆ. ಯಮಾಹದ ಪಿ-45 ಎಂಬುದು 132 ಸೆಂಟಿಮೀಟರು ಉದ್ದ, ಸುಮಾರು 30 ಸೆಂಟಿಮೀಟರು ಆಳ, ತೂಕ ಹನ್ನೊಂದೂವರೆ ಕಿಲೋ. ಕ್ಯಾಸಿಯೋದ ಪಿಎಕ್ಸ್-ಎಸ್1000 ಎಂಬುದರ ಉದ್ದವೂ ಅಷ್ಟೇ, ಆಳ 23 ಸೆಂಟಿಮೀಟರು ಮಾತ್ರ. ಮರದ ಕಟ್ಟಡ ಕೂಡಿದ ಡಿಜಿಟಲ್ ಪಿಯಾನೋಗಳು ಉದ್ದದಲ್ಲಿ ಹೆಚ್ಚು ಬೇರೆಯಾಗದಿದ್ದರೂ ತೂಕದಲ್ಲಿ 40 ಕಿಲೋ ಮುಟ್ಟಿ ಮೀರುವುದುಂಟು. ಒಂದು ಸಲ ಇಟ್ಟ ಸ್ಥಳದಿಂದ ಕದಲಿಸುವುದು ಕಷ್ಟ. ತಂತಿಯ ನಿಲುವು ಪಿಯಾನೋವಿನ ತೂಕ 200 ಕಿಲೋಗಳ ಸುಮಾರು ಎಂಬುದನ್ನು ನೆನೆದರೆ ಇವೆಲ್ಲ ಹಗುರವೇ ಸರಿ.

ಅತ್ತೆಯವರ ಕೋಣೆಯ ಕಿಟಕಿಯ ಪಕ್ಕದ ಗೋಡೆಯೊಂದೇ ಉಳಿದಿತ್ತು. ಬೀರುವಿನಿಂದ ಅತ್ತೆಯವರ ಹಳೆಯ ತಗಡಿನ ಟ್ರಂಕಿನವರೆಗೆ ಅಳೆದೆವು: 4 ಅಡಿ 2 ಅಂಗುಲ.

“ಎರಡು ಅಂಗುಲ ಸಾಲದು,” ಎಂದರು ಭಾವನವರು. “76 ಕೀಲಿಯದನ್ನೇ ನೋಡೋಣ. ಈ ಸೊನಾಟ ಅದರಲ್ಲಿ ಹಿಡಿಸುತ್ತದೆಯಲ್ಲ?”

ಹಿಡಿಸುತ್ತದೆ, ಮೊದಲ ಭಾಗಕ್ಕೆ ಅಷ್ಟು ಸಾಕು ಎಂದೆನು. ಅಕ್ಕನೂ ಸಾಕೆಂದಳು. ಅವಳು ಯಾವಾಗಲೂ ಹಾಗೆಯೇ. ತನಗೆ ಬೇಕಾದುದನ್ನು ಎರಡು ಅಂಗುಲ ಕಡಮೆ ಮಾಡಿಕೊಂಡು ಕೇಳುವವಳು. ಆಗ ಮಂಚದ ಮೇಲೆ ಮಲಗಿದ್ದ ಅತ್ತೆಯವರು ಎದ್ದು ಕುಳಿತರು. ಅವರಿಗೆ ಎಂಬತ್ತನಾಲ್ಕು ವರ್ಷ. ಅವರು ಸೊಸೆಯನ್ನು ಕುರಿತು, “ಆ ಟ್ರಂಕಿನಲ್ಲಿ ಏನಿದೆಯಮ್ಮ?” ಎಂದು ಕೇಳಿದರು.

“ನಿಮ್ಮ ಮದುವೆಯ ಟ್ರಂಕಲ್ಲವೆ, ಅತ್ತೆ?”

“ಮದುವೆಯದೇ. ಈಗ ಅದರಲ್ಲಿರುವುದು ಮೂರು ಹರಕು ಕಂಬಳಿ. ನನಗೋಸ್ಕರ ಅದನ್ನು ಮೂವತ್ತು ವರ್ಷದಿಂದ ಒರೆಸುತ್ತಾ ಬಂದಿದ್ದೀಯೆ. ಅದನ್ನು ಅಟ್ಟಕ್ಕೆ ಹಾಕಿಸು. ಪೂರ್ತಿಯಾದುದನ್ನೇ ತಾ.”

ಆಮೇಲೆ ಯಾರೂ ಚರ್ಚಿಸಲಿಲ್ಲ.

ಕೊಳ್ಳುವ ಮುನ್ನ ಮಾಡತಕ್ಕವು

ನಾವು ಮಾಡಿದ ಕೆಲವು ಕೆಲಸಗಳನ್ನು ವಾಚಕರಿಗಾಗಿ ಹೇಳುತ್ತೇನೆ. ಮೊದಲನೆಯದಾಗಿ, ವೃತ್ತಪತ್ರಿಕೆಯ ಹಾಳೆಗಳನ್ನು ಅಂಟಿಸಿ ವಾದ್ಯದ ಉದ್ದ ಆಳಗಳಿಗೆ ಸರಿಯಾಗಿ ಕತ್ತರಿಸಿ, ಇಡಬೇಕೆಂದಿರುವ ಸ್ಥಳದಲ್ಲಿ ಹಾಸಿ ಎರಡು ದಿನ ಬಿಟ್ಟೆವು. ವಾದ್ಯದ ಆಳ ಒಂದು ಅಡಿಯಾದರೂ ಕುಳಿತುಕೊಳ್ಳುವವರ ಆಸನಕ್ಕೂ ಮೊಣಕಾಲಿಗೂ ಇನ್ನೆರಡು ಅಡಿಯಾದರೂ ಬೇಕು. ಬೀರುವಿನ ಬಾಗಿಲು ತೆರೆಯುವುದೆ, ರಾತ್ರಿ ಎದ್ದು ಓಡಾಡುವ ಹಿರಿಯರ ಕಾಲಿಗೆ ತಡೆಯಾಗುವುದೆ ಎಂಬುದೆಲ್ಲ ಆ ಕಾಗದದ ಪಿಯಾನೋವಿನಿಂದಲೇ ತಿಳಿಯಿತು.

ಎರಡನೆಯದು ಎತ್ತರ. ಪಿಯಾನೋವಿನ ಕೀಲಿಗಳ ಮೇಲ್ಮೈ ನೆಲದಿಂದ ಸುಮಾರು 73 ಸೆಂಟಿಮೀಟರು ಎತ್ತರದಲ್ಲಿರಬೇಕು. ಊಟದ ಮೇಜೇ ಸುಮಾರು 75 ಸೆಂಟಿಮೀಟರು ಇರುತ್ತದೆ. ಅದರ ಮೇಲೆ ವಾದ್ಯವನ್ನಿಟ್ಟರೆ ಕೀಲಿಗಳು ಎದೆಯ ಕಡೆಗೆ ಏರಿ, ಮಣಿಕಟ್ಟು ಮಡಿಚಿ, ಹದಿನೈದು ದಿನಗಳಲ್ಲಿ ಕೈನೋವು ಬರುತ್ತದೆ. ಎಷ್ಟೋ ಮಂದಿ ಹೀಗೆ ನೋಯಿಸಿಕೊಂಡು ವಯಸ್ಸನ್ನು ದೂರುತ್ತಾರೆ. ತಕ್ಕ ಎತ್ತರದ ಗಟ್ಟಿಯಾದ ನಿಲುವುಗಾಲನ್ನು ವಾದ್ಯದ ಸಂಗಡಲೇ ಕೊಳ್ಳುವುದು ಮೇಲು.

ಮೂರನೆಯದು ಅಂಗಡಿಯ ಪರೀಕ್ಷೆ. ಅಂಗಡಿಯಲ್ಲಿ ಮಾರುವವರು ತಾವು ಬಾರಿಸಿ ತೋರಿಸುತ್ತಾರೆ. ಅದನ್ನು ಕೇಳಿ ಮರುಳಾಗಬಾರದು. ನೀವೇ ಕುಳಿತು ಒಂದೇ ಸ್ವರವನ್ನು ಹತ್ತು ಸಲ, ಪ್ರತಿ ಸಲವೂ ಹಿಂದಿನದಕ್ಕಿಂತ ಮೆಲ್ಲಗೆ ಬಾರಿಸಿ ನೋಡಿ. ಹತ್ತು ಮೆಟ್ಟಿಲುಗಳೂ ಕೇಳಿಸಿದರೆ ಆ ಕೀಲಿ ಒಳ್ಳೆಯದು. ಅನಂತರ ನಿಮಗೆ ನೆನಪಿರುವ ಹಳೆಯ ಪಾಠದಲ್ಲಿ ಎಡಗೈ ಅತಿ ಕೆಳಗೆ ಹೋಗುವ ಸ್ಥಳವನ್ನೂ ಬಲಗೈ ಅತಿ ಮೇಲೆ ಹೋಗುವ ಸ್ಥಳವನ್ನೂ ಬಾರಿಸಿ. ಪೆಡಲು ನೆಲದ ಮೇಲೆ ಜಾರುವುದೆ ಎಂಬುದನ್ನೂ ನೋಡಿ.

ನಾಲ್ಕನೆಯದು ಸದ್ದಿನ ವಿಚಾರ. ಹೆಡ್‌ಫೋನು ಹಾಕಿಕೊಂಡರೆ ಮನೆಯವರಿಗೆ ಏನೂ ಕೇಳಿಸದೆಂದು ಅಂಗಡಿಯವರು ಹೇಳುವುದುಂಟು. ಸಂಗೀತವು ಕೇಳಿಸದು, ಸರಿ; ಆದರೆ ಕೀಲಿಗಳು ತಳಕ್ಕೆ ಬಡಿಯುವ ಸದ್ದು ಪಕ್ಕದಲ್ಲಿ ಮಲಗಿದವರಿಗೂ ಕೆಳಗಿನ ಮನೆಯವರಿಗೂ ಕೇಳಿಸುತ್ತದೆ. ನಿಲುವುಗಾಲಿನ ಕೆಳಗೆ ದಪ್ಪನೆಯ ಜಮಖಾನವನ್ನು ಹಾಸಿದರೆ ಬಹಳಷ್ಟು ಕಡಮೆಯಾಗುತ್ತದೆ. ನಮ್ಮ ಅತ್ತೆಯವರ ಹರಕು ಕಂಬಳಿಗಳಲ್ಲಿ ಒಂದು ಈ ಕೆಲಸಕ್ಕೆ ಒದಗಿತು.

ಮಗನಿಗೆ ಹೇಳಿದ್ದು

ಉಳಿದುದು ಮಗನಿಗೆ ತಿಳಿಸುವ ಕೆಲಸ. ಪ್ರೀತಿಯಿಂದ ಕಳುಹಿಸಿದ ಉಡುಗೊರೆ ತಕ್ಕುದಲ್ಲವೆಂದು ಹೇಳುವುದು ಹೇಗೆ? ಅಕ್ಕನು ಮೂರು ದಿನ ತಡೆದಳು. ಕೊನೆಗೆ ಇದ್ದುದನ್ನು ಇದ್ದ ಹಾಗೆ ಹೇಳಿದಳು: ತಾನು ದಿನವೂ ಬಾರಿಸುತ್ತಿದ್ದೇನೆಂದು ಹೇಳಿದ್ದು ಸುಳ್ಳು, ಬಾರಿಸಲಾಗದೆ ಬಿಟ್ಟಿದ್ದೆನು, ಆ ಕೀಬೋರ್ಡು ಬಂದಿರದಿದ್ದರೆ ಮತ್ತೆ ಕುಳಿತುಕೊಳ್ಳುವ ಧೈರ್ಯವೇ ಬರುತ್ತಿರಲಿಲ್ಲ, ಆದರೆ ಅದಕ್ಕೆ ಕೆಳಗಿನ ಸ್ವರಗಳಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲೇ ಹೇಳಬಾರದಿತ್ತೇನಮ್ಮ?” ಎಂದನಂತೆ. ಆಮೇಲೆ ಯಾವ ಸ್ವರಗಳು ಇಲ್ಲವೆಂದು ಕೇಳಿ ಬರೆದುಕೊಂಡನಂತೆ. ಅವನ ಕೀಬೋರ್ಡು ಈಗ ಅದೇ ಬೀದಿಯ ಭಜನಾಮಂಡಲಿಯಲ್ಲಿದೆ. ಅಲ್ಲಿ ಅದಕ್ಕೆ ಒಂದು ಕೀಲಿಯೂ ಕಡಮೆಯಿಲ್ಲ.

ಹೊಸ ವಾದ್ಯವು ಬಂದ ದಿನ ಅಕ್ಕನು ಹದಿನೈದೇ ನಿಮಿಷ ಬಾರಿಸಿದಳು. ಬಿಟ್ಟವರು ಮರಳಿ ತೊಡಗುವಾಗ ಅದಕ್ಕಿಂತ ಹೆಚ್ಚು ಹೊತ್ತು ಕೂಡದು. ಬೆರಳಿಗೆ ದಾರಿ ನೆನಪಿದ್ದರೂ ತೋಳಿಗೆ ಬಲ ಬರಬೇಕು. ತಪ್ಪುಗಳು ಬೇಕಾದಷ್ಟಿದ್ದುವು. ಹತ್ತನೆಯ ಅಳತೆಯ ಮುಂದೆ ಅವಳಿಗೆ ನಿಜವಾಗಿಯೂ ಮರೆತುಹೋಗಿತ್ತು. ಪುಸ್ತಕ ನೋಡಿ ಮತ್ತೆ ಕಲಿಯಬೇಕಾಯಿತು. ಆದರೆ ಎರಡನೆಯ ಅಳತೆಗೆ ಬಂದಾಗ ಎಡಗೈಯ ಕಿರುಬೆರಳು ತನ್ನಷ್ಟಕ್ಕೆ ತಾನೇ ಇಳಿದು ‘ಬಿ’ ಸ್ವರವನ್ನು ಮುಟ್ಟಿತು. ಅತ್ತೆಯವರು ಮಂಚದ ಮೇಲಿಂದ, “ಈ ಸಲ ಕೈ ಕೆಳಕ್ಕೆ ಬೀಳಲಿಲ್ಲ,” ಎಂದರು. ಅವರು ಅದನ್ನೆಲ್ಲ ಗಮನಿಸಿದ್ದರೆಂಬುದು ನಮಗೆ ಆಗ ತಿಳಿಯಿತು.

ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರವರ ಸಂಗತಿ ಇಲ್ಲಿ ನೆನಪಾಗುತ್ತದೆ. ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪಿಯಾನೋ ಪದವಿಯನ್ನು ಪಡೆದಿದ್ದವರು. ಕಛೇರಿಯ ಪಿಯಾನೋವಾದಕರಾಗಬೇಕೆಂಬ ಆಸೆ ಅವರಿಗಿತ್ತು. 1940ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ರಾಜ್ಯಭಾರವು ಹೆಗಲ ಮೇಲೆ ಬಿದ್ದು ಆ ಆಸೆ ಅಲ್ಲಿಗೆ ನಿಂತಿತು. ಆದರೂ ಸಂಗೀತವು ಅವರನ್ನು ಬಿಡಲಿಲ್ಲ. ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಅವರು ಹಣವೊದಗಿಸಿದರು. ಮುಂದೆ ತಾವೇ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಬಿಟ್ಟ ವಿದ್ಯೆಯು ಬಿಟ್ಟ ಸ್ಥಳಕ್ಕೇ ಮರಳಿ ಬರಬೇಕೆಂಬ ನಿಯಮವಿಲ್ಲ. ಎಲ್ಲಿಗೆ ಬಂದರೂ ಅದಕ್ಕೆ ಕೂಡಲು ತಕ್ಕಷ್ಟು ಸ್ಥಳವನ್ನು ಕೊಡುವುದು ನಮ್ಮ ಕೆಲಸ.

ಆದಕಾರಣ, ವಾಚಕರೇ, ಮರಳಿ ವಾದ್ಯದ ಮುಂದೆ ಕುಳಿತು ಕೈ ಓಡದಿದ್ದರೆ ಒಡನೆಯೇ ನಿಮ್ಮನ್ನು ದೂರಿಕೊಳ್ಳಬೇಡಿ. ಮೊದಲು ಕೀಲಿಗಳನ್ನು ಎಣಿಸಿ, ಅವುಗಳ ತೂಕವನ್ನು ನೋಡಿ, ಆಸನದ ಎತ್ತರವನ್ನು ಅಳೆಯಿರಿ. ಮನೆಯ ಗೋಡೆ ಎರಡು ಅಂಗುಲ ಸಾಲದಿದ್ದರೆ ಯಾವ ಟ್ರಂಕನ್ನು ಅಟ್ಟಕ್ಕೆ ಏರಿಸಬಹುದೆಂದು ಮನೆಯ ಹಿರಿಯರನ್ನು ಒಂದು ಮಾತು ಕೇಳಿ.